ಅಟ್ಟದ ಮೇಲಿನ ಅರ್ಥಶಾಸ್ತ್ರ

ಆರು ವರ್ಷದಿಂದ ನಾನು ತರೀಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಆರು ವರ್ಷ ಉಳಿದ ಅತಿಥಿಯ ಕೈಗೆ ಯಾರಾದರೂ ಪೊರಕೆ ಕೊಟ್ಟು ಮನೆಯವಳೆಂದು ಒಪ್ಪಿಕೊಳ್ಳುತ್ತಾರೆ. ನನಗೆ ಮಾತ್ರ ಪ್ರತಿ ವರ್ಷ ಹೊಸ ಆದೇಶ ಬರಬೇಕು. ಎರಡನೇ ಲಾಕ್‌ಡೌನಿನಲ್ಲಿ, ಸಿಂಗಟಗೆರೆಯ ನಮ್ಮ ಮನೆಯಿಂದಲೇ ಬಿ.ಎ. ಹುಡುಗರಿಗೆ ಆನ್‌ಲೈನ್‌ನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದಾಗ, ಪ್ರಾಂಶುಪಾಲ ಸಿದ್ದಲಿಂಗೇಶ್ ಫೋನ್ ಮಾಡಿದರು.

"ತನುಜಾ ಮೇಡಂ, ನಾಳೆ ನಿಮ್ ಕ್ಲಾಸಿಗೆ ಬತ್ತೀನಿ. ನಾನ್ ಇದೀನಿ ಅಂತ ಹುಡುಗ್ರಿಗೆ ಹೇಳ್ಬೇಡಿ. ಕಡೇ ಪಕ್ಷ ಹತ್ತು ಜನ ಬಾಯಿ ಬಿಡ್ಬೇಕು. ಇಲ್ದಿದ್ರೆ ಮುಂದಿನ್ ವರ್ಷಕ್ಕೆ ನಿಮ್ ಹೆಸ್ರು ಹೆಂಗ್ ಕಳಿಸ್ಲಿ?"

ಹತ್ತು ಜನ! ಎರಡು ತಿಂಗಳಿಂದ ನಾನು ಪಾಠ ಮಾಡುತ್ತಿರುವುದು ಐವತ್ತೆರಡು ಕಪ್ಪು ಚೌಕಗಳಿಗೆ. "ಅರ್ಥ ಆಯ್ತಾ?" ಎಂದರೆ ಮೌನ. "ಆಗ್ಲಿಲ್ವಾ?" ಎಂದರೂ ಅದೇ ಮೌನ. ಒಮ್ಮೆ ಸಿಟ್ಟು ಬಂದು ಪಾಠದ ನಡುವೆಯೇ ಬಾಯಿ ಮುಚ್ಚಿ ಕೂತೆ. ಹನ್ನೆರಡು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದರೆ ಕಲ್ಲಾದರೂ ಒದ್ದೆಯಾಗುತ್ತದೆ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಮೇಲೆ ಮಾತ್ರ. ಅಲ್ಲಿ ಕೊಬ್ಬರಿಗೆಂದು ತೆಂಗಿನಕಾಯಿ ಹಾಕಿರುತ್ತಾರೆ. ವರ್ಷದ ಹತ್ತಿರ ಸಿಪ್ಪೆಸಮೇತ ಬಿದ್ದಿದ್ದರೆ ಒಳಗಿನ ನೀರು ಹಿಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಎನ್ನುತ್ತದೆ. ಆಗ ಕೊಬ್ಬರಿ ಆಯಿತೆಂದು ಅರ್ಥ. ಒಂದು ಕಡೆ ಹಳೇ ಕೊಯ್ಲಿನ ರಾಶಿ, ಇನ್ನೊಂದು ಕಡೆ ಹೊಸದು, ನಡುವೆ ನಾನು. ಪ್ರಾಂಶುಪಾಲರಿಗೆ ನೀಟಾಗಿ ಕಾಣಲೆಂದು ಬೆಳಗ್ಗೆ ಬೇಗ ಎದ್ದು ಎರಡೂ ರಾಶಿಗಳನ್ನು ಒಂದೇ ಮೂಲೆಗೆ ಒತ್ತರಿಸಿ, ಮುಂದೆ ಬಿಳಿ ಪಂಚೆ ಕಟ್ಟಿದೆ. ಎಂ.ಎ. ಓದಿದವಳು, ಎರಡು ಕೊಯ್ಲು ಬೆರೆಸಬಾರದೆಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಕ್ಲಾಸು ಶುರುವಾಯಿತು. ಪ್ರಾಂಶುಪಾಲರು ಹೆಸರು ಹಾಕದೆ ಐವತ್ತಮೂರನೇ ಕಪ್ಪು ಚೌಕವಾಗಿ ಬಂದು ಕೂತರು. "ಬೆಲೆಯ ನಿರೀಕ್ಷೆ ಅಂದ್ರೇನು? ಯಾರಾದ್ರೂ ಹೇಳಿ" ಎಂದೆ. ಮೌನ. ಬೇಡಿಕೊಂಡೆ. ಯಾರೂ ಮಿಸುಕಲಿಲ್ಲ. ಆರು ವರ್ಷ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂದು ನನಗೆ ಅಳುವೇ ಬಂತು.

ಅಷ್ಟರಲ್ಲಿ ಅಮ್ಮ ದಾಕ್ಷಾಯಣಮ್ಮ ಏಣಿ ಹತ್ತಿ ಬಂದು ಪಂಚೆ ಸರಿಸಿದಳು.

"ಅಯ್ಯೋ, ನಿನ್ ಮನೆ ಹಾಳಾಗ!" ಎಂದಳು, ಮನೆ ತನ್ನದೇ ಎಂಬುದನ್ನು ಮರೆತು. "ಎರಡೂ ಕೊಯ್ಲು ಬೆರೆಸ್ಬಿಟ್ಯಲ್ಲೇ! ಮಧ್ಯಾಹ್ನ ಸುಲಿಯೋರು ಬತ್ತಾರೆ. ಈಗ ಒಂದೊಂದ್ ಕಾಯಿನೂ ಅಲ್ಲಾಡ್ಸಿ ನೋಡ್ಬೇಕು. ನನ್ ಕಿವಿನೋ ಮೊದ್ಲಿನಂಗಿಲ್ಲ."

ನಾನು ಮೈಕ್ ಮುಚ್ಚುವಷ್ಟರಲ್ಲಿ ಲ್ಯಾಪ್‌ಟಾಪಿನ ಪಕ್ಕದಲ್ಲೇ ಒಂದು ಕಾಯಿ ಅಲ್ಲಾಡಿಸಿಬಿಟ್ಟಳು.

"ಮೇಡಂ, ಅದು ಆಗೈತೆ."

ದೇವನೂರಿನ ವೇಣು! ಎರಡು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಉತ್ತರ.

"ಯಾರಪ್ಪಾ ಅದು, ಬಾಳ ಚೂಟಿ ಅವ್ನೆ" ಎಂದು ಅಮ್ಮ ಇನ್ನೊಂದನ್ನು ಅಲ್ಲಾಡಿಸಿದಳು.

"ಅದು ಹಸಿ, ಅಜ್ಜಿ."

"ಇಲ್ಲ ಕಣೋ, ಅರ್ಧ ಆಗೈತೆ."

"ಅಜ್ಜಿ, ಮೈಕಿಗೆ ಹತ್ರ ಹಿಡೀರಿ!"

ಎಲ್ಲರೂ ತೆಂಗಿನ ತೋಟದ ಮನೆಯ ಮಕ್ಕಳು. ಪುಸ್ತಕಕ್ಕೆ ಬಿಡದ ಬಾಯಿಯನ್ನು ಕಾಯಿಗೆ ಬಿಟ್ಟರು. ನಾನು ಬೆರಳು ಮಡಿಸುತ್ತಾ ಹೋದೆ: ಐದು, ಆರು, ಏಳು. ಸಂದು ಸಿಕ್ಕಾಗ ಪಾಠವನ್ನೂ ತೂರಿಸಿದೆ. "ಹಸಿ ಕಾಯಿಗೇ ಗಿರಾಕಿ ಇದಾರಲ್ಲ, ವರ್ಷಗಟ್ಲೆ ಯಾಕೆ ಕಾಯ್ತೀರಿ?"

"ಕೊಬ್ರಿಗೆ ಜಾಸ್ತಿ ಸಿಗುತ್ತೆ ಅನ್ನೋ ಆಸೆ ಮೇಡಂ" ಎಂದ ವೇಣು.

"ಆ ಆಸೆನೇ ಕಣೋ ನಿರೀಕ್ಷೆ!" ಎಂದು ಕೂಗಿದೆ.

"ಅಷ್ಟೊತ್ತಿಗೆ ರೇಟ್ ಬಿದ್ಹೋದ್ರೆ?" ಎಂದು ಎಂಟನೆಯವನೊಬ್ಬ ಕೇಳಿದ. ಪ್ರಶ್ನೆ! ದೇವರಾಣೆಗೂ ಪ್ರಶ್ನೆ! ನನಗೆ ಕುಣಿಯಬೇಕೆನ್ನಿಸಿತು.

ಅಮ್ಮ ಮುಂದಿನ ಕಾಯಿ ಅಲ್ಲಾಡಿಸಿದಳು.

"ಇದು ಪೂರ್ತಿ ಆಗಿದೆ" ಎಂದಿತು ಒಂದು ದಪ್ಪ ದನಿ. ಪ್ರಾಂಶುಪಾಲರು! ಅವರಿಗೂ ತಡೆಯಲಾಗಿರಲಿಲ್ಲ.

"ಯಾರೋ ಅದು?" ಎಂದಳು ಬುಕ್ಕಾಂಬುಧಿಯ ಧನುಶ್ರೀ. ಅವಳ ದನಿಯನ್ನು ನಾನು ಕೇಳಿದ್ದು ಅವತ್ತೇ ಮೊದಲು. "ಕಾಯಿ ಮುಖ ನೋಡಿದೀಯೇನೋ ನೀನು? ಒಳಗೆ ನೀರು ಗುಳುಗುಳು ಅಂತೈತೆ. ಹಸಿ ಕಣೋ, ಪೆದ್ದೇ!"

ಬೈಸಿಕೊಂಡವರು ಪ್ರಾಂಶುಪಾಲರೆಂದು ಅಮ್ಮನಿಗೆ ಎಲ್ಲಿ ಗೊತ್ತು? ನಿಜ ನೋಡಿಯೇಬಿಡೋಣವೆಂದು ಮಚ್ಚು ತಂದು ನಾಲ್ಕೇಟಿಗೆ ಕಾಯಿ ಸೀಳಿದಳು. ನೀರು ಕೀಬೋರ್ಡಿನ ಮೇಲೆ ಚೆಲ್ಲಿತು. "ಹುಡುಗಿ ಹೇಳಿದ್ದೇ ಸರಿ" ಎಂದಳು. ಲ್ಯಾಪ್‌ಟಾಪ್ ಆರಿಹೋಯಿತು.

ಸಂಜೆ ಪ್ರಾಂಶುಪಾಲರ ಫೋನ್ ಬಂತು. "ಮೇಡಂ, ಒಟ್ಟು ಒಂಬತ್ತು ಜನ ಮಾತಾಡಿದ್ರು."

ನನ್ನ ಬೆರಳುಗಳ ಎಣಿಕೆಯೂ ಅಷ್ಟೇ ಇತ್ತು. "ಸಾರ್, ಆ ಹುಡುಗಿಗೆ ನೀವು ಅಂತ ಗೊತ್ತಿರ್ಲಿಲ್ಲ. ಇನ್ನೈದು ನಿಮಿಷ ಸಿಕ್ಕಿದ್ರೆ ಇನ್ನೊಬ್ರು..."

"ವರದೀಲಿ ಹತ್ತು ಅಂತ ಬರ್ದಿದೀನಿ."

"ಹತ್ತನೆಯವ್ರು ಯಾರು ಸಾರ್?"



"ತಪ್ಪು ಉತ್ರ ಹೇಳಿ ಬೈಸ್ಕೊಂಡವ್ನು ವಿದ್ಯಾರ್ಥಿ ಅಲ್ವೇನಮ್ಮಾ?" ಎಂದರು.