ಪ್ರಸಾದಕ್ಕೆ ವಯಸ್ಸಿಲ್ಲ

ನೇಸರಗಿಯ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಎದುರಿಗೆ ನಿಜಗುಣಪ್ಪನ ವೈನ್‌ಶಾಪು. ಮಷಿನ್ ತುಳಿಯುತ್ತ ತಲೆ ಎತ್ತಿದರೆ ಸಾಕು, ಅವನ ಹಣೆಯ ವಿಭೂತಿ ಕಾಣುತ್ತದೆ, ಅವನ ತಲೆಯ ಮೇಲೆ ತೂಗುವ ಬೋರ್ಡು ಕಾಣುತ್ತದೆ. ‘ಇಪ್ಪತ್ತೊಂದು ವರ್ಷದೊಳಗಿನವರಿಗೆ ಮದ್ಯ ಮಾರುವುದಿಲ್ಲ.’ ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ. ದಸರೆ ಬಂತೆಂದರೆ ನಿಜಗುಣಪ್ಪ ಆ ಬೋರ್ಡನ್ನು ಕೆಳಗಿಳಿಸಿ, ಒರೆಸಿ, ಹೊಸ ಬಣ್ಣ ಬಳಿಸಿ, ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡುತ್ತಾನೆ. ನಮ್ಮೂರಿನಲ್ಲಿ ಇಷ್ಟು ಮರ್ಯಾದೆ ಪಡೆದ ಬೋರ್ಡು ಇನ್ನೊಂದಿಲ್ಲ. ಅದನ್ನು ಓದಿ ಹಿಂದಕ್ಕೆ ಹೋದವನನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ.

ಟಿವಿಯಲ್ಲಿ ಆಗಾಗ ದೊಡ್ಡವರು ಕೂತು ಈ ವಿಷಯ ಜಗ್ಗಾಡುತ್ತಾರೆ. ಕುಡಿಯಲು ವಯಸ್ಸು ಇಷ್ಟೇ ಎಂದು ದೇಶ ಕಾನೂನು ಮಾಡಬೇಕೋ ಬೇಡವೋ, ಮಾಡಿದರೆ ಹದಿನೆಂಟೋ ಇಪ್ಪತ್ತೊಂದೋ, ವೋಟು ಹಾಕುವವನಿಗೆ ಗ್ಲಾಸು ಯಾಕಿಲ್ಲ, ಹೊರದೇಶದಲ್ಲಿ ಹೇಗೆ ನಡೆಯುತ್ತದೆ. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಕಾನೂನು ಬೇಡ ಎನ್ನುವ ದಡ್ಡಿ ನಾನಲ್ಲ. ಬೇಕು. ಆದರೆ ಇವರಲ್ಲಿ ಒಬ್ಬನಾದರೂ ಒಂದು ಸಂಜೆ ಬಂದು ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು ರಸ್ತೆ ನೋಡಲಿ ಎನ್ನುತ್ತೇನೆ, ಅಷ್ಟೇ.

ನೋಡಿದರೆ ಏನು ಕಾಣುತ್ತದೆ ಗೊತ್ತೇ? ಮಕ್ಕಳು. ನಮ್ಮ ಓಣಿಯ ಗಂಡಸರು ವೈನ್‌ಶಾಪಿನ ಮುಂದೆ ಹೋಗಿ ನಿಲ್ಲುವುದಿಲ್ಲ. ಮರ್ಯಾದಸ್ಥರು! ಕುಡಿಯಲು ನಾಚಿಕೆಯಿಲ್ಲ, ಕೊಳ್ಳಲು ನಾಚಿಕೆ. ಮನೆಯ ಕಟ್ಟೆಯ ಮೇಲೆ ಕೂತು, ಕೂಸಿನ ಕೈಯಲ್ಲಿ ಚೀಲ ಕೊಟ್ಟು ಕಳಿಸುತ್ತಾರೆ. ಹಾಗೆ ಚೀಲ ಹಿಡಿದು ಬರುತ್ತಿದ್ದವರಲ್ಲಿ ದುರ್ಗಪ್ಪನ ಮಗಳು ಸಪ್ನಾ ಒಬ್ಬಳು. ದುರ್ಗಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ, ನಮ್ಮ ಪಕ್ಕದ ಮನೆಯವನು. ಮಗಳು ನಾಲ್ಕನೆಯ ಇಯತ್ತೆಯಲ್ಲಿದ್ದಾಗಲೇ ಈ ನೌಕರಿಗೆ ಸೇರಿದಳು. ಅವಳ ಕೈಯಲ್ಲಿದ್ದದ್ದು ಶಾಲೆಗೆಂದು ನಾನೇ ಹೊಲಿದುಕೊಟ್ಟ ಚೀಲ.

ಆ ಬೋರ್ಡು ಹೊಸದಾಗಿ ಏರಿದ ವಾರ ನಾನು ರಸ್ತೆ ದಾಟಿ ಹೋಗಿ ಕೇಳಿಯೇ ಬಿಟ್ಟೆ.

“ಅಣ್ಣಾರ, ಈ ಹುಡುಗಿಗೆ ಇಪ್ಪತ್ತೊಂದು ಆಗ್ಯಾವೇನ್ರಿ?”

ನಿಜಗುಣಪ್ಪ ನಕ್ಕ. ಅವನ ನಗು ಯಾವಾಗಲೂ ತಂಪು.

“ರೇಣು, ಕುಡಿಯೂದು ಅಕಿ ಅಲ್ಲಲ್ಲವಾ. ಕಾಯ್ದೆ ಕುಡಿಯೋರಿಗೆ ಐತಿ. ಮತ್ತ ನಾ ಅಕಿ ಕೈಯಾಗ ಕೊಟ್ಟೇ ಇಲ್ಲ. ಚೀಲದಾಗ ಹಾಕೇನಿ. ಚೀಲಕ್ಕ ಎಲ್ಲಿ ವಯಸ್ಸು ಕೇಳ್ಲಿ?”

ಸುತ್ತ ನಿಂತವರು ಹೋ ಎಂದು ನಕ್ಕರು. ಅಂಥ ಬುದ್ಧಿವಂತ ಅವನು. ನಾನು ವಾಪಸ್ಸು ಬಂದು, ಹೊಲಿಯುತ್ತಿದ್ದ ಜಂಪರಿನ ತೋಳನ್ನು ಉಲ್ಟಾ ಕೂಡಿಸಿ, ಮತ್ತೆ ಬಿಚ್ಚಿದೆ.

ಸಪ್ನಾ ದೊಡ್ಡವಳಾದಳು. ಶಾಲೆ ಬಿಟ್ಟು ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದಳು. ಈಗ ಹತ್ತೊಂಬತ್ತು; ಬೋರ್ಡಿನ ಪ್ರಕಾರ ಇನ್ನೂ ಚಿಕ್ಕವಳೇ. ಒಮ್ಮೆ ಧೈರ್ಯ ಮಾಡಿ “ನಾ ಹೋಗೂದಿಲ್ಲ” ಎಂದು ಅಪ್ಪನಿಗೆ ಹೇಳಿದ್ದಳು. ಅವನು ಬಯ್ಯಲಿಲ್ಲ, ಹೊಡೆಯಲಿಲ್ಲ. “ಆತು ಬಿಡು, ಸಾಗರ ಹೋಗ್ತಾನ” ಎಂದ. ಸಾಗರ ಅವಳ ತಮ್ಮ. ಅವತ್ತಿನಿಂದ ಸಪ್ನಾ ಮತ್ತೆ ಚೀಲ ಹಿಡಿದಳು.

ಗುಂಡಿ ಹಚ್ಚುತ್ತ ಹಚ್ಚುತ್ತ ಒಂದು ದಿನ ನನಗೆ ಹೇಳಿದಳು.

“ಅಕ್ಕಾರ, ನನ್ನ ಕೈ ಹೆಂಗೂ ಹೊಲಸಾಗೇತಿ. ಸಾಗರ ಒಬ್ಬ ಆ ಬಾಟ್ಲಿ ಮುಟ್ಟಬಾರದು. ನನಗ ಮತ್ತೇನೂ ಬ್ಯಾಡ.”

ಆ ಮಾತಿಗೆ ನನಗೆ ಅಳು ಬಂತು, ಸಿಟ್ಟೂ ಬಂತು. ಇದ್ದೂರಿನ ಗಂಡಸರೆಲ್ಲ ಸೇರಿ ಕಾಯಬೇಕಾದ ಬಾಗಿಲನ್ನು ಒಂದು ಹುಡುಗಿ ಒಬ್ಬಳೇ ಕಾಯುತ್ತಿದ್ದಳು.

ಈ ವರ್ಷ ಗಾಂಧಿ ಜಯಂತಿಗೆ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಇಟ್ಟರು. ವಿಷಯ: ‘ಮದ್ಯಪಾನಕ್ಕೆ ಕಾನೂನಿನ ವಯೋಮಿತಿ ಬೇಕೇ?’ ಮುಖ್ಯ ಅತಿಥಿ ಯಾರು? ನಿಜಗುಣಪ್ಪ. ಅವತ್ತು ಸರಕಾರ ಅಂಗಡಿ ಮುಚ್ಚಿಸಿರುತ್ತದೆ ನೋಡಿ, ಪಾಪ, ಬಿಡುವಾಗಿದ್ದ. ಒಂಬತ್ತನೆಯ ಇಯತ್ತೆಯ ಸಾಗರ ಮಾಸ್ತರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ, ಕೈ ಬೀಸಿ ಬೀಸಿ, ವಯೋಮಿತಿ ಬೇಕೇ ಬೇಕು, ಎಳೆಯರ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಎಳೆಯರೇ ನಾಡಿನ ಭವಿಷ್ಯ ಎಂದು ಗುಡುಗಿದ. ಮೊದಲನೆಯ ಬಹುಮಾನ ಬಂತು. ಒಂದು ಸ್ಟೀಲ್ ಲೋಟ. ಅದರ ಮೇಲೆ ‘ಶ್ರೀ ನಿಜಗುಣಪ್ಪನವರ ಕೊಡುಗೆ’ ಎಂದು ಕೊರೆಸಿದ್ದರು. ನಿಜಗುಣಪ್ಪ ಹುಡುಗನ ಬೆನ್ನು ತಟ್ಟಿ, “ಇಂಥಾ ಹುಡುಗ್ರು ಬೇಕ್ರಿ ಊರಿಗೆ” ಎಂದು ಮೈಕಿನಲ್ಲಿ ಹೇಳಿದ. ಆ ರಾತ್ರಿ ದುರ್ಗಪ್ಪ ಕುಡಿದದ್ದು ಅದೇ ಲೋಟದಲ್ಲಿ. ನಾಳೆ ಅಂಗಡಿ ಬಂದ್ ಎಂದು ಹಿಂದಿನ ದಿನವೇ ಸಪ್ನಾಳ ಕೈಯಲ್ಲಿ ತರಿಸಿಟ್ಟಿದ್ದ.

ದೀಪಾವಳಿ ಹೊತ್ತಿಗೆ ದುರ್ಗಪ್ಪನ ಕಣ್ಣು ಹಳದಿಯಾದವು, ಹೊಟ್ಟೆ ಉಬ್ಬಿತು. ಬೆಳಗಾವಿಯ ದವಾಖಾನೆಯಲ್ಲಿ ಡಾಕ್ಟರು ಇನ್ನೇನೂ ಉಳಿದಿಲ್ಲ ಎಂದರು. ಮನೆಗೆ ತಂದರು, ಹೋದ. ಮಣ್ಣು ಕೊಟ್ಟರು. ನಾನು ಅವನಿಗಾಗಿ ಅಳಲಿಲ್ಲ. ಅವನ ಹೆಂಡತಿ ಸಾವಿತ್ರೆವ್ವನ ಮುಖ ನೋಡಿ ಅತ್ತೆ. ಅವಳು ಕಬ್ಬಿನ ಗದ್ದೆಗೆ ಕಳೆ ತೆಗೆಯಲು ಹೋಗುವವಳು, ಮಾತು ಬಹಳ ಕಡಿಮೆ. ಗಂಡ ಬಯ್ದರೂ ಅಷ್ಟೇ, ಸತ್ತರೂ ಅಷ್ಟೇ, ತುಟಿ ಬಿಗಿದುಕೊಂಡು ಕೆಲಸ ಮಾಡುತ್ತಿದ್ದಳು.

ಮೂರನೆಯ ದಿನ ಎಡೆ. ಸತ್ತವನಿಗೆ ಪ್ರೀತಿಯಾದದ್ದನ್ನೆಲ್ಲ ಗೋರಿಯ ಮೇಲೆ ಎಲೆ ಹಾಕಿ ಬಡಿಸಬೇಕು, ಕಾಗೆ ಮುಟ್ಟಬೇಕು. ಕುಡಿಯುತ್ತಿದ್ದವನಿಗೆ ಬಾಟಲಿ ಇಡುವುದೂ ಉಂಟು. ಆ ಮನೆತನದಲ್ಲಿ ಇನ್ನೂ ಒಂದು ಪದ್ಧತಿ. ಎಡೆಯಲ್ಲಿ ಇಟ್ಟದ್ದರಲ್ಲಿ ಮೊದಲ ತುತ್ತು, ಮೊದಲ ಗುಟುಕು ಮಗನದು. ಮಗ ಬಾಯಿಗೆ ಹಾಕಿಕೊಳ್ಳದಿದ್ದರೆ ಸತ್ತವನ ಮನಸ್ಸು ಮನೆ ಬಿಟ್ಟು ಹೋಗುವುದಿಲ್ಲವಂತೆ. ಹೋಗುವಾಗ ದಾರಿಯಲ್ಲಿ ಸಪ್ನಾ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ಹಳ್ಳದ ದಂಡೆಯ ಗೋರಿಯ ಮೇಲೆ ಸಾವಿತ್ರೆವ್ವ ಜೋಳದ ರೊಟ್ಟಿ, ಎಣ್ಣೆಗಾಯಿ, ಬೇಯಿಸಿದ ತತ್ತಿ, ಒಂದು ಕಟ್ಟು ಬೀಡಿ ಎಲ್ಲ ಇಟ್ಟಳು. ಬಾಟಲಿ ಮಾತ್ರ ತಂದಿರಲಿಲ್ಲ. ಬೇಕೆಂದೇ ತಂದಿರಲಿಲ್ಲ ಎಂದು ನನಗೆ ಅನ್ನಿಸಿತು. ದುರ್ಗಪ್ಪನ ಅಣ್ಣ ಮಡಿವಾಳೆಪ್ಪ ಅದನ್ನು ನೋಡಿ ಮುಖ ಗಂಟಿಕ್ಕುವಷ್ಟರಲ್ಲಿ ರಸ್ತೆಯ ಕಡೆಯಿಂದ ಕಾರು ಬಂತು.

ನಿಜಗುಣಪ್ಪ ಬಂದಿದ್ದ. ಕಾರು ಓಡಿಸಿಕೊಂಡು ಬಂದವನು ಅವನ ಮಗ ಬಸವಲಿಂಗ. ಧಾರವಾಡದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವ ಹುಡುಗ, ದೀಪಾವಳಿ ಸೂಟಿಗೆಂದು ಊರಿಗೆ ಬಂದಿದ್ದ. ಹದಿನೇಳು ವರ್ಷ. ಲೈಸೆನ್ಸ್ ಎಲ್ಲಿಂದ ಬರಬೇಕು? ಆದರೆ ಸ್ಟೇರಿಂಗಿಗೇನು ವಯಸ್ಸು ಕೇಳುವುದು, ಅಲ್ಲವೇ!

ನಿಜಗುಣಪ್ಪನ ಕೈಯಲ್ಲಿ ಮಿಂಚುವ ಡಬ್ಬಿಯೊಳಗಿನ ಬಾಟಲಿ ಇತ್ತು. ದುರ್ಗಪ್ಪ ಜೀವಮಾನದಲ್ಲಿ ಕಣ್ಣಿನಿಂದ ನೋಡದಂಥದ್ದು.

“ನಮ್ಮ ಹಳೇ ಗಿರಾಕಿ,” ಎಂದು ಅವನು ಗದ್ಗದನಾದ. “ದಿನಾ ಹಲ್ಕಾ ಮಾಲ ಕುಡದಾ. ಕಡೀಗೊಮ್ಮೆ ಚಲೋದು ಕುಡೀಲಿ ಅಂತ ತಂದೇನ್ರಿ. ನನ್ನ ಕಡಿಂದ.”

ಎಂಥ ಕರುಳು! ನಾಲ್ಕು ಮಂದಿ ಟವೆಲಿನಿಂದ ಕಣ್ಣು ಒರೆಸಿಕೊಂಡರು. ನನಗೆ ಆ ಡಬ್ಬಿಯಿಂದಲೇ ಅವನ ತಲೆಗೆ ಒಂದು ಇಕ್ಕಬೇಕು ಅನ್ನಿಸಿತು.

ಮಡಿವಾಳೆಪ್ಪ ಬಾಟಲಿ ಬಿಚ್ಚಿ ಗೋರಿಯ ಮೇಲೆ ಧಾರೆ ಬಿಟ್ಟ. ಆಮೇಲೆ ಸುತ್ತ ನೋಡಿ, ನೀರು ತಂದಿದ್ದ ಸ್ಟೀಲ್ ಲೋಟ ಎತ್ತಿ, ನೀರು ಚೆಲ್ಲಿ, ಅದರಲ್ಲಿ ಸುರಿದ. ಬಹುಮಾನದ ಲೋಟವೇ ಅದು.

“ಬಾರಲೇ ಸಾಗರ. ಒಂದ ಗುಟುಕ ತೊಗೋ.”

ಸಾಗರ ತಲೆ ಬೋಳಿಸಿಕೊಂಡು ನಿಂತಿದ್ದ. ಒಮ್ಮೆ ಅಕ್ಕನ ಮುಖ ನೋಡಿದ, ಒಮ್ಮೆ ಗೋರಿ ನೋಡಿದ. ಅಪ್ಪನಿಗೆ ಮಾಡುವ ಕೊನೆಯ ಕೆಲಸ ಎಂದರೆ ಯಾವ ಮಗ ತಾನೇ ಬೇಡ ಎನ್ನುತ್ತಾನೆ? ಅವನ ಕೈ ಮುಂದೆ ಬಂತು.

ಸಪ್ನಾ ನನ್ನ ಕೈ ಬಿಟ್ಟು ನಡುವೆ ಹೋಗಿ ನಿಂತಳು.

“ದೊಡ್ಡಪ್ಪಾ, ಬ್ಯಾಡ. ಅಂವಾ ಹೈಸ್ಕೂಲ್ ಹುಡುಗ ಅದಾನ.”

“ಏ, ಇದೇನ ಕುಡಿಯೂದೇನವಾ? ಶಾಸ್ತ್ರ! ನಮ್ಮಪ್ಪ ಸತ್ತಾಗ ನಾನೂ ತೊಗೊಂಡೇನಿ, ನಿಮ್ಮಪ್ಪನೂ ತೊಗೊಂಡಾನ. ಇವನಷ್ಟ ಇದ್ವಿ ಇಬ್ಬರೂ.”

ದುರ್ಗಪ್ಪನ ಕುಡಿತ ಎಲ್ಲಿ ಶುರುವಾಯಿತು ಎಂಬುದನ್ನು ಅವನು ಹೆಮ್ಮೆಯಿಂದ ತಾನಾಗಿಯೇ ಹೇಳಿದ. ಹೇಳಿದ್ದೇನು ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಹೊಳೆಯಲು ಅಲ್ಲಿ ಏನಾದರೂ ಉಳಿದಿರಬೇಕಲ್ಲ.

ಸಪ್ನಾ ನಿಜಗುಣಪ್ಪನ ಕಡೆ ತಿರುಗಿದಳು.

“ಕಾಕಾ, ನಿಮ್ಮ ಬೋರ್ಡಿನ್ಯಾಗ ಇಪ್ಪತ್ತೊಂದು ಅಂತ ಬರದೈತಲ್ರಿ. ಇಂವಗ ಹದಿನಾಲ್ಕ್ರಿ. ನೀವರೆ ಹೇಳ್ರಿ ಇವರಿಗೆ.”

ಎಲ್ಲರೂ ನಿಜಗುಣಪ್ಪನ ಕಡೆ ನೋಡಿದರು. ಒಂದು ಮಾತು ಸಾಕಿತ್ತು. ಊರಲ್ಲಿ ಅವನ ಮಾತಿಗೆ ತೂಕವಿದೆ. ಬೇಡ ಎಂದರೆ ಮಡಿವಾಳೆಪ್ಪ ಮರುಮಾತಾಡುತ್ತಿರಲಿಲ್ಲ. ನಿಜಗುಣಪ್ಪ ವಿಭೂತಿ ಕೆಡದಂತೆ ಹಣೆಯ ಬೆವರು ಒತ್ತಿಕೊಂಡ. ತಂಪಾಗಿ ನಕ್ಕ.

“ಅದು ಮಾರಾಟಕ್ಕ ಐತಿ ತಂಗೀ. ಇಲ್ಲಿ ನಾ ಏನರೆ ಮಾರಾಕ ಬಂದೇನೇನು? ಇದು ಎಡಿ. ಪ್ರಸಾದ. ಪ್ರಸಾದಕ್ಕ ವಯಸ್ಸಿರೂದಿಲ್ಲ.”

ಗಂಡಸರು ತಲೆ ಆಡಿಸಿದರು. ಎಂಥ ತಿಳಿವಳಿಕೆ! ಮಡಿವಾಳೆಪ್ಪ ಸಪ್ನಾಳನ್ನು ಪಕ್ಕಕ್ಕೆ ಸರಿಸಿ, ಹುಡುಗನ ತುಟಿಯ ಹತ್ತಿರ ಲೋಟ ಒಯ್ದ. ಸಾಗರ ಕಣ್ಣು ಮುಚ್ಚಿಕೊಂಡ.

ಆಗ ಸಾವಿತ್ರೆವ್ವ ಗೋರಿಯ ಪಕ್ಕದಿಂದ ಎದ್ದಳು. ಅವಸರ ಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು ಭಾವ ಎಂದೂ ನೋಡದೆ ಮಡಿವಾಳೆಪ್ಪನ ಕೈಯಿಂದ ಲೋಟ ತೆಗೆದುಕೊಂಡಳು.

“ಪ್ರಸಾದಕ್ಕ ವಯಸ್ಸಿಲ್ಲ ಅಂದ್ರಲ್ರಿ ಅಪ್ಪಾರ?”

“ಹೌದವಾ,” ಎಂದ ನಿಜಗುಣಪ್ಪ.

“ಹಂಗಾರ ದೊಡ್ಡವರ ಮನಿಯವರಿಂದ ಸುರು ಆಗ್ಲಿ.”

ನೇರ ಕಾರಿನ ಹತ್ತಿರ ಹೋದಳು. ಬಸವಲಿಂಗ ಬಾಗಿಲಿಗೆ ಒರಗಿ ಮೊಬೈಲ್ ನೋಡುತ್ತ ನಿಂತಿದ್ದ. ಅವಳು ಎರಡೂ ಕೈಯಿಂದ ಲೋಟ ಅವನ ಮುಂದೆ ಹಿಡಿದಳು.

“ತೊಗೋರಿ ತಮ್ಮಾ. ನಿಮ್ಮಪ್ಪಾರ ಹೆಸರಿನ ಲೋಟ, ನಿಮ್ಮಪ್ಪಾರು ತಂದ ಪ್ರಸಾದ. ಒಂದ ಗುಟುಕ.”

ಹುಡುಗ ಒಳ್ಳೆಯವನು. ಹಿರಿಯ ಹೆಂಗಸು ಎರಡು ಕೈಯಿಂದ ಕೊಟ್ಟದ್ದನ್ನು ಬೇಡ ಎನ್ನಬಾರದೆಂದು ಮೊಬೈಲ್ ಜೇಬಿಗೆ ಹಾಕಿ, ಲೋಟ ತೆಗೆದುಕೊಂಡು, ಹಣೆಗೆ ಮುಟ್ಟಿಸಿ ಬಾಯಿಗೆ ಒಯ್ದ.

“ಏಯ್! ಬಿಡೋ ಅದನ್ನ!”

ನಿಜಗುಣಪ್ಪ ಓಡಿದ. ಅವನು ಓಡುವುದನ್ನು ನಾನು ನೋಡಿದ್ದು ಅದೇ ಮೊದಲು. ಕೈ ಬೀಸಿ ಹೊಡೆದದ್ದಕ್ಕೆ ಲೋಟ ಹಾರಿ ಕಲ್ಲಿಗೆ ಬಡಿದು ಠಣ್ ಎಂದಿತು. ಮಗನ ಅಂಗಿಯ ಮೇಲೆ ಬಿದ್ದದ್ದನ್ನು ಅವನು ತನ್ನ ರೇಷ್ಮೆ ಶಲ್ಯದಿಂದ ಉಜ್ಜಿ ಉಜ್ಜಿ ಒರೆಸಿದ; ತುಟಿಗೆ ತಾಗಿತೇ ಎಂದು ಗದ್ದ ಹಿಡಿದು ನೋಡಿದ. ಆ ತಂಪು ನಗು ಎಲ್ಲಿ ಹೋಯಿತೋ.

“ತಲಿ ಕೆಟ್ಟೈತೇನ ನಿನಗ?” ಎಂದು ಸಾವಿತ್ರೆವ್ವನ ಮೇಲೆ ಹರಿಹಾಯ್ದ. “ಅಂವಾ ಇನ್ನಾ ಸಣ್ಣ ಹುಡುಗ ಅದಾನ!”

ಹೇಳಿಬಿಟ್ಟ ಮೇಲೆ ಅವನಿಗೇ ಕೇಳಿಸಿತು. ಟವೆಲಿನಿಂದ ಕಣ್ಣು ಒರೆಸಿಕೊಂಡಿದ್ದ ಮಂದಿ ಈಗ ಹಳ್ಳದ ಕಡೆ ನೋಡುತ್ತಿದ್ದರು. ಮಡಿವಾಳೆಪ್ಪ ಬಾಟಲಿಯ ಮುಚ್ಚಳವನ್ನು ತಿರುವುತ್ತ ನಿಂತ. ಬಸವಲಿಂಗ ಮಾತ್ರ ಸಾಗರನ ಕಡೆ ನೋಡಿ, ತಲೆ ತಗ್ಗಿಸಿದ.

ಸಾವಿತ್ರೆವ್ವ ದನಿ ಏರಿಸಲಿಲ್ಲ.

“ಅಂದ್ರ ನಿಮಗ ಗೊತ್ತೈತಿ,” ಎಂದಳು. “ನಾ ಇಷ್ಟ ವರ್ಷ, ಪಾಪ, ನಿಮಗ ತಿಳಿಯೂದಿಲ್ಲೇನೋ ಅನ್ಕೊಂಡಿದ್ನಿರಿ.”

ಮಗನನ್ನು ಒಂದು ಕೈಯಲ್ಲಿ, ಮಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಊರ ಕಡೆ ನಡೆದಳು. ಕಾಗೆ ಮುಟ್ಟಿತೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ಲೋಟವನ್ನೂ ಎತ್ತಿಕೊಳ್ಳಲಿಲ್ಲ.