‘ಮ’ ಆದ ಮೇಲೆ

ಗುಂಡ್ಲುಪೇಟೆಯಿಂದ ಹಂಗಳಕ್ಕೆ ಹೋಗುವ ದಾರಿಯಲ್ಲಿ ಚರ್ಚಿನ ಶಾಲೆಯೊಂದಿದೆ. ವನಿತಾ ಅಲ್ಲಿ ಒಂದನೇ ತರಗತಿಯ ಟೀಚರ್. ದಿನಾ ಬೆಳಿಗ್ಗೆ ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಾಳೆ. ಆ ಜೂನ್‌ನಲ್ಲಿ ಹೊಸ ಕಟ್ಟಡದ ತಾರಸಿ ಸೋರಿ ರಿಪೇರಿ ಶುರುವಾಯಿತು. ಅವಳ ಇಪ್ಪತ್ತಾರು ಮಕ್ಕಳನ್ನು ಚರ್ಚಿನ ಪಕ್ಕದ ಹಳೆಯ ಹೆಂಚಿನ ಕೋಣೆಗೆ ಕಳಿಸಿದರು. ಶಾಲೆ ಮೊದಲು ಶುರುವಾದದ್ದು ಆ ಒಂದೇ ಕೋಣೆಯಲ್ಲಂತೆ. ಎಷ್ಟೋ ವರ್ಷದಿಂದ ಅದರೊಳಗೆ ಮುರಿದ ಬೆಂಚುಗಳನ್ನೂ ಕ್ರಿಸ್‌ಮಸ್ ಗೋದಲಿಯ ಬೊಂಬೆಗಳನ್ನೂ ತುಂಬಿಟ್ಟಿದ್ದರು.

ಎರಡನೇ ವಾರ ಕಾಪಿ ಪುಸ್ತಕ ತಿದ್ದುತ್ತಿದ್ದಾಗ ವನಿತಾಳ ಪೆನ್ನು ನಿಂತಿತು. ಇಪ್ಪತ್ತಾರು ಪುಸ್ತಕಗಳಲ್ಲೂ ಅಕ್ಷರ ಒಂದೇ ಥರ. ದುಂಡಗೆ, ಅಗಲವಾಗಿ. ತಲೆಕಟ್ಟನ್ನು ಮಾತ್ರ ಬಲದಿಂದ ಎಡಕ್ಕೆ ಎಳೆದು, ತುದಿಯಲ್ಲೊಂದು ಚುಕ್ಕೆ ಒತ್ತಿತ್ತು. ಅವಳು ಹಾಗೆ ಕಲಿಸಿರಲಿಲ್ಲ. ಅವಳಿನ್ನೂ ‘ಈ’ ದಾಟಿರಲೇ ಇಲ್ಲ. ಮಕ್ಕಳು ‘ಮ’ದವರೆಗೆ ಬರೆದಿದ್ದರು. ಅಲ್ಲಿಂದಾಚೆ ಎಲ್ಲರ ಪುಟವೂ ಖಾಲಿ.

ಮುಂದಿನ ಬೆಂಚಿನ ಶಿವರಂಜಿನಿಯನ್ನು ಕರೆದು ಕೇಳಿದಳು. “ಇದನ್ನ ಯಾರು ಹೇಳಿಕೊಟ್ಟದ್ದು ಪುಟ್ಟಿ?”

“ಕೈ ಹಿಡ್ಕಂಡು ಬರೆಸ್ತರೆ ಮಿಸ್.”

“ಯಾರು?”

ಹುಡುಗಿ ಬಲಗೈಯ ಹಿಂಭಾಗವನ್ನು ಕೆನ್ನೆಗೆ ಒತ್ತಿಕೊಂಡು, “ತಣ್ಣಗಿರ್ತದೆ” ಅಂದಳು.

ಹೆಡ್ ಸಿಸ್ಟರ್ ಇದನ್ನು ಕೇಳಿ ನಕ್ಕರು. “ಟ್ಯೂಷನ್‌ನಲ್ಲಿ ಕಲಿತಿರ್ತಾರೆ, ವನಿತಾ. ಈಗಿನ ಮಕ್ಕಳು!”

ಮರುದಿನ ಊಟವಾದ ಮೇಲೆ ವನಿತಾ ಬೇಕೆಂದೇ ತಡಮಾಡಿ ಹೋದಳು. ಕೋಣೆಯಲ್ಲಿ ಗಲಾಟೆ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದಳು. ಇಪ್ಪತ್ತಾರು ಪೆನ್ಸಿಲ್‌ಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಒಂದು ಮಗುವೂ ಪುಸ್ತಕದ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕರಿಹಲಗೆಯ ಪಕ್ಕದ ಖಾಲಿ ಕುರ್ಚಿಯ ಮೇಲಿತ್ತು. ‘ಮ’ ಬರೆದು ಚುಕ್ಕೆ ಒತ್ತಿದವರೇ ಪೆನ್ಸಿಲ್ ಕೆಳಗಿಟ್ಟು ಕೈಕಟ್ಟಿ ಕುಳಿತರು. ವನಿತಾ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದಳು. ಯಾರೂ ತಿರುಗಲಿಲ್ಲ. ಒಂದು ಮಗುವನ್ನು ಎಬ್ಬಿಸಲು ಹೋದಳು. ಆ ಪುಟ್ಟ ಮೈ ಕಲ್ಲಿನಂತೆ ಭಾರವಾಗಿತ್ತು. ಬೆಲ್ ಹೊಡೆಯುವವರೆಗೆ, ಸುಮಾರು ಮುಕ್ಕಾಲು ಗಂಟೆ, ಹಾಗೇ ಕುಳಿತಿದ್ದರು. ಬೆಲ್ ಆದದ್ದೇ ಎಂದಿನಂತೆ ಕಿರುಚುತ್ತ ಬ್ಯಾಗು ಎಳೆದುಕೊಂಡು ಓಡಿದರು.

ಶಿವರಂಜಿನಿಯನ್ನು ಕರೆದೊಯ್ಯಲು ಅವಳ ತಾತ ಮರಿಮಲ್ಲಪ್ಪ ಬಂದಿದ್ದರು. ಹಂಗಳದಲ್ಲಿ ಅರಿಶಿನ ಬೆಳೆಯುವ ಜಮೀನ್ದಾರರು, ಎಪ್ಪತ್ತರ ಹತ್ತಿರದವರು. ಯಾವತ್ತೂ ಗೇಟಿನಿಂದ ಈಚೆ ಕಾಲಿಟ್ಟವರಲ್ಲ. ವನಿತಾ ಹೊರಗೆ ಹೋಗಿ, ಮೊಮ್ಮಗಳ ಕಾಪಿ ಪುಸ್ತಕವನ್ನೇ ಅವರಿಗೆ ತೋರಿಸಿದಳು.

“ಮನೇಲಿ ಯಾರಾದರೂ ಹೀಗೆ ಬರೆಸ್ತಾರಾ?”

ಮರಿಮಲ್ಲಪ್ಪ ಪುಸ್ತಕ ಹಿಡಿದು ಅಲ್ಲೇ ಮೋರಿಕಟ್ಟೆಯ ಮೇಲೆ ಕುಸಿದರು.

“ಇದು ಥೆಕ್ಲಾ ಸಿಸ್ಟ್ರಮ್ಮನ ಅಕ್ಸರ ಕಣವ್ವ. ಕೇರಳದೋರು. ದೊಡ್ಡೋರಾದ ಮ್ಯಾಲೆ ಕನ್ನಡ ಕಲ್ತಿದ್ರು. ತಲೆಕಟ್ಟು ಇಂಗೇ ಇಂದಕ್ಕೆ ಎಳೀತಿದ್ರು.”

“ಈಗ ಎಲ್ಲಿದ್ದಾರೆ?”

“ಆ ರೂಮ್ನಲ್ಲೇ ಸತ್ತೋದ್ರು. ನಾನು ಒಂದ್ನೆ ಕ್ಲಾಸು. ಬೋರ್ಡ್ ಮ್ಯಾಲೆ ‘ಮ’ ಬರ್ದು, ‘ನಾನು ಏಳೋಗಂಟ ಯಾರೂ ಅಲ್ಲಾಡಬೇಡಿ’ ಅಂದು ಕುರ್ಚೀಲಿ ಕುಂತ್ರು. ಏಳ್ನೇ ಇಲ್ಲ.”

ಮರಿಮಲ್ಲಪ್ಪ ಹೆಗಲ ಮೇಲಿನ ಟವೆಲ್‌ನಿಂದ ಬಾಯಿ ಒರೆಸಿಕೊಂಡರು. ಮುಂದಿನದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

“ನಾನು ಎದ್ದೋಗಿ ಕೈ ಮುಟ್ಟಿ ನೋಡ್ದೆ ಕಣವ್ವ. ತಣ್ಣಗಿತ್ತು. ಭಯ ಆಗೋಯ್ತು. ಬಂದು ಕುಂತ್ಕಬುಟ್ಟೆ. ಯಾರ್ಗೂ ಯೋಳ್ನಿಲ್ಲ. ಬೆಲ್ ಹೊಡೆಯೋಗಂಟ ಎಲ್ಲಾ ಕೈಕಟ್ಕಂಡು ಕುಂತಿದ್ದೊ. ಕೂಗಿದ್ರೆ ಬದುಕ್ತಿದ್ರೋ ಏನೋ. ಮಾರ್ನೆ ದಿನದಿಂದ ನಾನು ಇಸ್ಕೂಲ್ ಕಡೆ ತಲೆ ಹಾಕ್ನಿಲ್ಲ. ಇವತ್ಗೂ ನಂದು ಹೆಬ್ಬೆಟ್ಟೇಯ.”

ಮುದುಕ ಎದ್ದು ನಿಂತರು. “ನಾಳೆ ಮಧ್ಯಾನ ನಾನು ಒಳೀಕ್ ಬತ್ತೀನಿ. ಬುಡ್ತೀರಾ?”

ಮಾರನೆಯ ದಿನ ಊಟದ ನಂತರ ವನಿತಾ ಎಲ್ಲ ಹೇಳಿ ಕೇಳಿಕೊಂಡದ್ದಕ್ಕೆ ಹೆಡ್ ಸಿಸ್ಟರ್ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದರು. ಮರಿಮಲ್ಲಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮುಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕುಳಿತರು. ವನಿತಾ ಬಾಗಿಲ ಬಳಿ ನಿಂತಳು. ಆಚೆ ಮಕ್ಕಳ ಕೂಗು ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಅದು ದೂರವಾಯಿತು, ಯಾರೋ ಕಿಟಕಿ ಮುಚ್ಚಿದ ಹಾಗೆ.

ಮುದುಕನ ಕೈ ಮೊಮ್ಮಗಳ ಕಾಪಿ ಪುಸ್ತಕದ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡಿತು. ಆ ಕೈಯ ಸುಕ್ಕು ಚರ್ಮದ ಮೇಲೆ ನಾಲ್ಕು ಬೆರಳಿನಷ್ಟು ಜಾಗ ತಗ್ಗಾಗಿ ಬೆಳ್ಳಗಾದದ್ದನ್ನು ವನಿತಾ ಕಣ್ಣಾರೆ ಕಂಡಳು. ‘ಅ’ದಿಂದ ಶುರುವಾಗಿ ಅಕ್ಷರಗಳು ಸಾಲಾಗಿ ಇಳಿದವು. ‘ಮ’ ಬಂತು. ಚುಕ್ಕೆ ಬಿತ್ತು. ಪೆನ್ಸಿಲ್ ನಿಂತಿತು.

“ಸಿಸ್ಟ್ರಮ್ಮ,” ಮರಿಮಲ್ಲಪ್ಪನ ದನಿ ಎಳೆ ಮಗುವಿನದಾಗಿತ್ತು, “ನಂಗೊತ್ತಿತ್ತು. ನಾನೇ ಕೂಗ್ನಿಲ್ಲ. ತಪ್ಪಾಯ್ತು.”

ಕರಿಹಲಗೆಯ ಪಕ್ಕದ ಖಾಲಿ ಕುರ್ಚಿ ಕಿರ್ರೆಂದಿತು, ಕುಳಿತವರು ಏಳುವಾಗ ಆಗುವ ಹಾಗೆ.

ಪೆನ್ಸಿಲ್ ಮತ್ತೆ ಚಲಿಸಿತು. ಯ. ರ. ಲ. ಕಾಣದ ಕೈ ಒಂದೊಂದನ್ನೂ ನಿಧಾನವಾಗಿ ಬರೆಸಿತು. ಮುದುಕನ ಕಣ್ಣೀರು ಹಾಳೆಗೆ ತೊಟ್ಟಿಕ್ಕುತ್ತಿತ್ತು. ‘ಳ’ ಮುಗಿದಾಗ ಬೆರಳ ಗುರುತು ಮಾಯವಾಗಿ ಚರ್ಮಕ್ಕೆ ಮತ್ತೆ ರಕ್ತದ ಬಣ್ಣ ಬಂತು. ಮೈದಾನದ ಗಲಾಟೆ ಒಮ್ಮೆಲೇ ಕಿವಿಗೆ ಬಿತ್ತು.

“ಸಿಸ್ಟ್ರಮ್ಮನ್ನ ಎಲ್ಲಿ ಮಣ್ಣು ಮಾಡವ್ರೆ?” ಅಂತ ಮುದುಕ ಹೊರಗೆ ಬಂದು ಕೇಳಿದರು. ಹೆಡ್ ಸಿಸ್ಟರ್ ಅವರನ್ನು ಚರ್ಚಿನ ಹಿಂದಕ್ಕೆ ಕರೆದೊಯ್ದು, ಹುಲ್ಲು ಮುಚ್ಚಿದ್ದ ಒಂದು ಸಣ್ಣ ಕಲ್ಲನ್ನು ತೋರಿಸಿದರು. ಮರಿಮಲ್ಲಪ್ಪ ಹಣೆಯ ವಿಭೂತಿ ಆ ಕಲ್ಲಿಗೆ ತಾಗುವಂತೆ ಬಾಗಿದರು. ಹೆಡ್ ಸಿಸ್ಟರ್ ಜಪ ಹೇಳಿ ಮುಗಿಸುವವರೆಗೂ ತಲೆಯೆತ್ತಲಿಲ್ಲ.

ಮಾರನೆಯ ದಿನ ಇಪ್ಪತ್ತಾರು ಮಕ್ಕಳಲ್ಲಿ ಯಾರಿಗೂ ಒಂದಕ್ಷರ ಬರಲಿಲ್ಲ. ಎಲ್ಲರ ಗೀಚೂ ಬೇರೆಬೇರೆ, ಒಂದು ಮೇಲೆ, ಒಂದು ಕೆಳಗೆ. ವನಿತಾ ‘ಅ’ದಿಂದ ಮತ್ತೆ ಶುರು ಮಾಡಿದಳು. ಕೈ ಹಿಡಿದು ಬರೆಸುವವರಿಲ್ಲದೆ ಶಿವರಂಜಿನಿಗಂತೂ ಪೆನ್ಸಿಲ್ ಹಿಡಿಯುವುದೇ ಕಷ್ಟವಾಯಿತು. ದಸರಾ ರಜೆಯವರೆಗೂ ಅವಳ ‘ಆ’ ಮಗುಚಿಕೊಂಡೇ ಇತ್ತು.