ಹೊಸ ಯಂತ್ರ ಯಾರ ಹೆಸರಿಗೆ

ಒಂದು ಸಣ್ಣ ದನಿ, ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿಯಂಥದು, ಸಂಜೆಯ ಪ್ರಾರ್ಥನೆ ಮುಗಿಸಿ ತಮ್ಮನ ಕೋಣೆಯ ಬಾಗಿಲು ದೂಡಿದಾಗ ಮೊದಲು ಕೇಳಿದ್ದು ಅದೇ, ಟಿವಿಯಿಂದಲ್ಲ, ಅವನ ಎದೆಯ ಮೇಲೆ ಜಾರಿಬಿದ್ದ ಹೆಡ್‌ಫೋನಿನಿಂದ — ಕ್ರೇನಣ್ಣ, ಇದೀಯಾ, ಬಿಡಬೇಡ ಕಣಯ್ಯ, ನಾನಿಲ್ಲಿ ನೇತಾಡ್ತಾ ಇದೀನಿ. ಪರದೆಯ ಮೇಲೆ ಅವನ ಆಟ, ಒಂದು ಕಂದರ, ದಂಡೆಯಲ್ಲಿ ಒಬ್ಬ ಗೊಂಬೆಮನುಷ್ಯ ಹಗ್ಗ ಹಿಡಿದು ನಿಂತಿದ್ದ, ಅವನು ನನ್ನ ತಮ್ಮ, ಕೆಳಗೆ ಇನ್ನೊಬ್ಬ ಅದೇ ಹಗ್ಗಕ್ಕೆ ಜೋತುಬಿದ್ದಿದ್ದ, ಅವನು ಲಿಫ್ಟಿನವನು, ಯಾವುದೋ ದೂರದ ಊರಲ್ಲಿ ಲಿಫ್ಟ್ ರಿಪೇರಿ ಮಾಡುವವನು, ಏಳು ವರ್ಷದ ಗೆಳೆತನ, ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ತಮ್ಮನ ತಲೆ ಭುಜಕ್ಕೆ ವಾಲಿತ್ತು, ನಿದ್ದೆ ಎಂದುಕೊಂಡೆ, ಅರೆಗಳಿಗೆ ಮಾತ್ರ, ಕೆನ್ನೆ ಮುಟ್ಟಿದೊಡನೆ ತಿಳಿಯಿತು, ಎಪ್ಪತ್ತೆಂಟು ವರ್ಷದ ಕೈಗೆ ಇಂಥವು ಬೇಗ ತಿಳಿಯುತ್ತವೆ. ಆದರೆ ಅವನ ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು, ಕೈಯ ಭಾರಕ್ಕೆ ಒತ್ತಿಕೊಂಡು, ನೋಡುತ್ತಿದ್ದಂತೆಯೇ ಜಾರತೊಡಗಿತು, ಪರದೆಯಲ್ಲಿ ಹಗ್ಗವೂ ಜಾರಿತು, ಅಯ್ಯೋ ಹಿಡ್ಕೊ ಎಂದಿತು ದನಿ, ನಾನು ಅವನ ಬೆರಳ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಯಾಕೆ ಒತ್ತಿದೆ, ಒಬ್ಬ ಬೀಳುತ್ತಿದ್ದ, ಹಿಡಿದೆ, ಅಷ್ಟೇ. ಇದೀಯಾ ಎಂದ. ಇದೀನಿ ಎಂದೆ.

ನಮ್ಮಿಬ್ಬರ ದನಿ ಒಂದೇ, ಗೋಡೆಯಾಚೆಯಿಂದ ಕೂಗಿದರೆ ಅಮ್ಮನೇ ಮೋಸಹೋಗುತ್ತಿದ್ದಳು, ಚಿಕ್ಕವನಿಗೆ ಬೈಯಬೇಕಾದ್ದನ್ನು ನನಗೆ ಬೈದು ಮುಗಿಸುತ್ತಿದ್ದಳು. ಅಂತ್ಯಕ್ರಿಯೆ ಮುಗಿಸಿ ಬಂದ ಸಂಜೆ ಕೋಣೆಯಲ್ಲಿ ಅದೇ ದುಂಬಿ, ಕ್ರೇನಣ್ಣ ಬಾರಯ್ಯ, ಎರಡು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ಹೇಳಿಬಿಡೋಣವೆಂದೇ ಹೆಡ್‌ಫೋನ್ ಎತ್ತಿಕೊಂಡೆ, ಬಾಯಿಗೆ ಬಂದದ್ದು ಹೂಂ. ಇವತ್ತಿಗೆ ಇಪ್ಪತ್ತಾರು ದಿನ, ಹೂಂ, ಉಹೂಂ, ಇದೀನಿ, ಈ ಮೂರೇ ಮಾತು. ಗಂಟಲು ಕೆಟ್ಟಿದೆಯಾ, ಹೂಂ. ಕೈ ಯಾಕೋ ನಡುಗ್ತಾ ಇದೆ ನಿಂದು, ಕಲ್ಲಿಗೆ ಹೋಗಿ ಹೋಗಿ ಗುದ್ದುತೀಯಲ್ಲ, ಹೂಂ. ಬಿಡು, ವಯಸ್ಸಾಯ್ತು, ಮೂಟೆ ನಾನು ಹೊರ್ತೀನಿ ನೀನು ಹಿಂದೆ ಬಾ, ಬಂದರಿನ ಬಿಸಿಲಲ್ಲಿ ಕ್ರೇನ್ ನಡೆಸಿ ಎತ್ತಿ ಎತ್ತಿ ಸವೆದಿದೀಯ, ನಾನಾದರೆ ನೆರಳಲ್ಲಿ ಎತ್ತಿದವನು. ಜೀವಮಾನವಿಡೀ ಸುಳ್ಳಾಡದವನೆಂದು ದೇವರ ಮುಂದೆ ತಲೆಯೆತ್ತಿ ನಿಲ್ಲುತ್ತಿದ್ದವನು ನಾನು, ಈಗ ಪ್ರಾರ್ಥನೆ ಮುಗಿಸಿದವನೇ ಸುಳ್ಳಿನ ಕುರ್ಚಿಗೆ ಹೋಗಿ ಕೂರುತ್ತೇನೆ, ನಿಜ ಹೇಳಬೇಕೆಂದರೆ ಕಾಯುತ್ತೇನೆ ಸಹ. ಆ ಮನುಷ್ಯ ತಮ್ಮನ ಜೊತೆ ಮಾತಾಡುತ್ತಾನೆ, ತಮ್ಮ ಇರುವವನಂತೆ, ಆ ಊರಲ್ಲಿ ನನ್ನ ತಮ್ಮ ಇನ್ನೂ ಸತ್ತಿಲ್ಲ.

ತಾತ, ಮೊಮ್ಮಗನಿಗಾ, ಎನ್ನುತ್ತಿದ್ದಾಳೆ ಅಂಗಡಿಯ ಹುಡುಗಿ. ಇಲ್ಲಮ್ಮ, ನನಗೇ. ನಕ್ಕಳು, ಕೆಟ್ಟ ನಗುವಲ್ಲ. ಎದುರಿಗೆ ಬಿಳಿಯ ಪೆಟ್ಟಿಗೆ, ದೊಡ್ಡ ನಿಘಂಟಿನ ಎರಡು ಸಂಪುಟ ಸೇರಿಸಿದಷ್ಟು ದಪ್ಪ, ಐವತ್ತು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದ ಕಣ್ಣಿಗೆ ಎಲ್ಲವೂ ಪುಸ್ತಕದ ಅಳತೆಯಲ್ಲೇ ಕಾಣುತ್ತವೆ. ಇದು ಮುಂದಿನ ತಲೆಮಾರಿನ ಕನ್ಸೋಲ್ ತಾತ, ಆಟ ಆಡೋ ಯಂತ್ರ, ನಿಮ್ಮ ಮನೇಲಿರೋದು ಹಿಂದಿನ ತಲೆಮಾರಿನದು. ತಲೆಮಾರು — ನಾನು ಮದುವೆಯಾಗಲಿಲ್ಲ, ಅವನಿಗೆ ಮಕ್ಕಳಾಗಲಿಲ್ಲ, ಅವನ ಹೆಂಡತಿ ಹೋಗಿ ಹತ್ತು ವರ್ಷ, ನಮ್ಮ ಮನೆಯಲ್ಲಿ ಮುಂದಿನ ತಲೆಮಾರು ಅಂತ ಬರುವುದಿದ್ದರೆ ಈ ಪೆಟ್ಟಿಗೆಯಲ್ಲೇ ಬರಬೇಕು, ತಮ್ಮನಿಗೆ ಹೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಇನ್ನು ಮೂರು ದಿನಕ್ಕೆ ಹಳೆಯ ಯಂತ್ರದಲ್ಲಿ ಆ ಆಟ ನಿಲ್ಲುತ್ತದಂತೆ, ಆಟ ನಡೆಸುವ ಮೇಲಿನವರೇ ನಿಲ್ಲಿಸುತ್ತಾರಂತೆ, ಎಲ್ಲರೂ ಹೊಸದಕ್ಕೆ ಹೋಗಬೇಕು, ಲಿಫ್ಟಿನವನು ಆಗಲೇ ತಗೊಂಡಿದ್ದಾನೆ, ನೀನೂ ತಗೊ ಕ್ರೇನಣ್ಣ, ನೀನಿಲ್ಲದೆ ಯಾರ ಹಗ್ಗ ಹಿಡೀಲಿ ನಾನು. ತಗೊಳ್ಳುವುದೆಂದೇ ಬಂದಿದ್ದೇನೆ, ದುಡ್ಡಿನ ಮಾತಲ್ಲ, ಬೆಳಿಗ್ಗೆ ಎದ್ದಾಗಲೇ ನಿರ್ಧಾರವಾಗಿತ್ತು, ಯಾರಿಗೂ ಅಂಜಿ ಬದುಕಿದವನಲ್ಲ. ಹುಡುಗಿ ಕೇಳುತ್ತಾಳೆ, ಯಾರ ಹೆಸರಿಗೆ ತಾತ, ಹಳೇ ಹೆಸರನ್ನೇ ಇದಕ್ಕೆ ತರ್ತೀರಾ, ಇಲ್ಲಾ ನಿಮ್ಮದು ಹೊಸದಾಗಿ ಶುರು ಮಾಡಲಾ.

ಯಾರ ಹೆಸರಿಗೆ. ಆ ಸಂಜೆ ನನ್ನ ಬೆರಳ ಕೆಳಗೆ ಅವನ ಬೆರಳು, ಇನ್ನೂ ಸ್ವಲ್ಪ ಬಿಸಿ ಇತ್ತು. ಹಾಳೆಕಂತೆ ತಪ್ಪಾಗಿ ಹೊಲಿದಿದ್ದರೆ ಅದರ ಮೇಲೆ ಎಷ್ಟು ಒಳ್ಳೆಯ ರಟ್ಟು ಹಾಕಿದರೂ ಪುಸ್ತಕ ಸೆಟೆದುಕೊಳ್ಳುತ್ತದೆ, ಬಿಚ್ಚಬೇಕು, ತಪ್ಪಿದ ಗಂಟಿನವರೆಗೂ ಬಿಚ್ಚಬೇಕು, ಕೆಲಸ ಕಲಿಯಲು ಬಂದ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ ಇದನ್ನು. ನನ್ನ ಹೆಸರಿಗೇ ಬರಿಯಮ್ಮ ಎಂದೆ. ದನಿ ಗಟ್ಟಿಯಾಗಿಯೇ ಬಂತು. ಪೆಟ್ಟಿಗೆ ಇಲ್ಲೇ ಇರಲಿ, ನಾಳೆ ಒಯ್ಯುತ್ತೇನೆ, ಇವತ್ತು ಹಳೆಯದರಲ್ಲಿ ಒಂದು ಕೆಲಸ ಉಳಿದಿದೆ. ಅದ್ಯಾವ ಕೆಲಸ ತಾತ, ನಾನೇ ಬಂದು ಮಾಡಿಕೊಡಲಾ. ಬೇಡಮ್ಮ, ನಾನೇ ಮಾಡಬೇಕಾದ್ದು. ಬೀದಿಯಲ್ಲಿ ಬಸ್ಸು, ಸೈಕಲ್ಲು, ಯಾರೋ ಕಿಟಕಿಯ ಗಾಜು ಒರೆಸುತ್ತಿದ್ದಾರೆ, ನಾನು ನೇರ ನಡೆಯುತ್ತೇನೆ, ಮೊಣಕಾಲಿನ ನೋವು ಇವತ್ತು ಎಲ್ಲಿ ಹೋಯಿತೋ.

ಕುರ್ಚಿಯಲ್ಲಿ ಕೂತೆ, ಹೆಡ್‌ಫೋನ್ ಹಾಕಿದೆ, ಬಂದ್ಯಾ ಕ್ರೇನಣ್ಣ, ಹೊಸದು ತಗೊಂಡ್ಯಾ, ಮತ್ತು ನಾನು ಹೂಂ ಎನ್ನಲಿಲ್ಲ. ನಾನು ಅವನ ಅಣ್ಣ ಎಂದೆ. ಅವನು ಹೋದ, ನೀವು ಹಗ್ಗದಲ್ಲಿ ನೇತಾಡುತ್ತಿದ್ದಿರಲ್ಲ ಆ ಸಂಜೆ, ಇದೀನಿ ಎಂದವನು ನಾನು, ಅವತ್ತಿನಿಂದ ಎಲ್ಲವೂ ನಾನೇ. ಲಿಫ್ಟಿನವನ ಗೊಂಬೆಮನುಷ್ಯ ಕಂದರದ ದಂಡೆಯಲ್ಲಿ ನಿಂತುಬಿಟ್ಟ. ಆಮೇಲೆ, ಅವನ ಕೈ ಅಲ್ಲ ಅಂತ ಅನ್ನಿಸ್ತಿತ್ತು, ಕಾಯಿಲೆ ಬಿದ್ದಿದಾನೆ, ಹೇಳ್ಕೊಳ್ಳಕ್ಕೆ ಆಗ್ತಿಲ್ಲ ಅಂದ್ಕೊಂಡೆ, ದಿನಾ ಸುಲಭದ ದಾರೀನೇ ಹುಡುಕಿ ಹುಡುಕಿ ಕರ್ಕೊಂಡು ಹೋದೆ, ಯಾರನ್ನ ಕರ್ಕೊಂಡು ಹೋಗ್ತಿದ್ದೆ ನಾನು. ನನ್ನನ್ನು ಎಂದೆ. ಇಪ್ಪತ್ತಾರು ದಿನ ಸ್ವಾಮಿ, ನೀವು ಮನೆಯವರು, ಅತ್ತುಕೊಂಡ್ರಿ, ನನಗೂ ಅಳೋದಿತ್ತು, ಅದನ್ನ ನೀವು ಇಟ್ಕೊಂಡ್ರಿ, ನಾನು ಅವನಿಗೆ ತಮಾಷೆ ಹೇಳ್ತಾ ಕೂತಿದ್ದೆ.

ಇದು ನನಗೆ ಹೊಳೆದಿರಲಿಲ್ಲ, ಇಷ್ಟು ದಿನದಲ್ಲಿ ಒಮ್ಮೆಯೂ, ಸುಳ್ಳಾಡಿದ್ದಕ್ಕೆ ದೇವರಲ್ಲಿ ಕ್ಷಮೆ ಕೇಳಿದ್ದೆ, ಈ ಮನುಷ್ಯನ ಪಾಲಿನ ಅಳುವನ್ನು ಕದ್ದದ್ದಕ್ಕೆ ಕೇಳಿರಲಿಲ್ಲ. ತಪ್ಪಾಯಿತು ಎಂದೆ. ಅವನು ಮೂಗು ಒರೆಸಿಕೊಂಡ, ದೂರದ ಕೋಣೆಯೊಂದರಲ್ಲಿ ಕುರ್ಚಿ ಕಿರುಗುಟ್ಟಿತು. ಹೊಸದು ನಾಳೆ ತರುತ್ತೇನೆ, ನನ್ನ ಹೆಸರಿಗೇ ಬರೆಸಿದ್ದೇನೆ, ಸಂಜೆ ಕೂತಿರುತ್ತೇನೆ, ನೀವು ಬಂದರೆ ಸರಿ, ಬಾರದಿದ್ದರೂ ಕೂತಿರುತ್ತೇನೆ. ನಿಮಗೆ ಆಡಕ್ಕೇ ಬರಲ್ಲ ಸ್ವಾಮಿ. ಕಲಿಯುತ್ತೇನೆ. ಅದನ್ನ ಆಮೇಲೆ ನೋಡೋಣ, ಈಗ ಅವನಿಗೋಸ್ಕರ ಏನಾದರೂ ಹೇಳಿ, ನೀವು ದೇವರಿಗೆ ಕೈಮುಗಿಯೋರು ಅಂತ ಹೇಳ್ತಿದ್ದ, ನನಗೆ ಇವೆಲ್ಲ ಬರಲ್ಲ, ನೀವು ಹೇಳಿ, ಹಿಂದೇನೇ ಹೇಳ್ತೀನಿ. ಕಣ್ಣು ಮುಚ್ಚುತ್ತೇನೆ, ಹೇಳುತ್ತೇನೆ, ಪ್ರತಿ ಮಾತೂ ಅಷ್ಟು ದೂರ ಹೋಗಿ ಒಂದು ಉಸಿರು ತಡವಾಗಿ ಅವನ ಗಂಟಲಿನಿಂದ ನನ್ನ ಕಿವಿಗೆ ಮರಳುತ್ತದೆ, ದೇವರೇ, ದೇವರೇ, ದಣಿದು ಬಂದಿದ್ದಾನೆ, ದಣಿದು ಬಂದಿದ್ದಾನೆ, ನಿನ್ನ ಹತ್ತಿರ ಕೂರಿಸಿಕೊ, ಕೂರಿಸಿಕೊ, ಅವನಿಗೆ ಶಾಂತಿ ಕೊಡು, ಅವನಿಗೆ ಶಾಂತಿ ಕೊಡು